ಮೇಲರ್ಧದ ಹಾಳೆ

ಅಂಗಡಿಯಲ್ಲಿ ಅವಳನ್ನು ಎಲ್ಲರೂ ಮಿಲಿಮೀಟರ್ ಎಂದೇ ಕರೆಯುತ್ತಿದ್ದರು. ಹೆತ್ತವರು ಇಟ್ಟ ಹೆಸರು ಹಾಜರಿ ಪುಸ್ತಕದಲ್ಲಿ ಮಾತ್ರ ಉಳಿದಿತ್ತು. ಬೋರ್ಡಿನ ಮೇಲೊಂದು ಅಕ್ಷರ ಕೂದಲೆಳೆಯಷ್ಟು ವಾಲಿದರೂ ಅವಳ ಕಣ್ಣಿಗೆ ಬೀಳುತ್ತಿತ್ತು. ಕಣ್ಣಿಗೆ ಬಿದ್ದದ್ದು ತಡವಿಲ್ಲದೆ ಬಾಯಿಗೂ ಬರುತ್ತಿತ್ತು. ಕೆಲಸ ಅಚ್ಚುಕಟ್ಟಾಗಿದ್ದುದರಿಂದ ಜನ ಆ ಬಾಯಿಯನ್ನು ಸಹಿಸಿಕೊಂಡಿದ್ದರು. ಹಾಲು ಕೊಡುವ ಹಸು ಒದ್ದರೂ ಸಹಿಸಿಕೊಳ್ಳಬೇಕು ಎಂದು ಮಾಲೀಕ ಅವಳ ಎದುರಿಗೇ ಹೇಳಿ ನಗುತ್ತಿದ್ದ.

ಅವಳ ಅಪ್ಪನಿಗೂ ಅದೇ ಅಂಗಡಿಯಲ್ಲಿ ಕೆಲಸ. ಮೂವತ್ತು ವರ್ಷ ಗೋಡೆಗಳ ಮೇಲೆ ಬ್ರಷ್ ಹಿಡಿದು ಅಕ್ಷರ ಬರೆದ ಕೈ ಅವನದು. ಸ್ಟಿಕ್ಕರ್ ಮೆಷಿನ್ ಬಂದ ಮೇಲೆ ಬ್ರಷ್ಷನ್ನು ಕೇಳುವವರಿಲ್ಲದಂತಾಯಿತು, ಅವನು ಸ್ಟಿಕ್ಕರ್ ಅಂಟಿಸುವವನಾದ. ಮಗಳು ಮಹಡಿಯ ಮೇಲೆ ಕಂಪ್ಯೂಟರಿನಲ್ಲಿ ಬಿಡಿಸುತ್ತಿದ್ದಳು, ಮಾಲೀಕ ಕೆಳಗೆ ಮೆಷಿನ್ ಓಡಿಸುತ್ತಿದ್ದ, ಅಪ್ಪ ಸುರುಳಿಯನ್ನು ಹೆಗಲಿಗೇರಿಸಿಕೊಂಡು ಹೊರಡುತ್ತಿದ್ದ. ಒಂದು ಗುಳ್ಳೆ ಏಳದಂತೆ, ಒಂದು ಸುಕ್ಕು ಬೀಳದಂತೆ ಅವನು ಅಂಟಿಸಿದ ಹಾಳೆ ಗೋಡೆಗೆ ಚರ್ಮವೇ ಬೆಳೆದ ಹಾಗಿರುತ್ತಿತ್ತು. ಅವನ ಆಸ್ತಿ ಅಂತಿದ್ದರೆ ಆ ಹೆಸರೊಂದೇ.

ಆ ವರ್ಷ ಬಂದ ದೊಡ್ಡ ಕೆಲಸ ಆಸ್ಪತ್ರೆಯದು. ಉದ್ದನೆಯ ಓಣಿಗಳ ಗೋಡೆಗಳಿಗೆ ಕೆಳಗೆ ಕಡುನೀಲಿ ಪಟ್ಟಿ, ಮೇಲೆ ಬಿಳಿ ಸುಣ್ಣ. ಓದು ಬರದವರಿಗೂ ದಾರಿ ತಿಳಿಯಲಿ ಎಂದು ಪ್ರತಿ ತಿರುವಿನಲ್ಲಿ ಒಂದು ದೊಡ್ಡ ಚಿತ್ರ: ಮಗು, ಮೂಳೆ, ಕಣ್ಣು, ಹಲ್ಲು, ಹೀಗೆ ಇಪ್ಪತ್ತೆರಡು. ಬಣ್ಣ ತುಂಬಿದ ಚಿತ್ರಗಳಲ್ಲ, ಬರೀ ಗೆರೆಯವು. ಪ್ರತಿಯೊಂದೂ ಅರ್ಧ ನೀಲಿ ಪಟ್ಟಿಯ ಮೇಲೆ, ಅರ್ಧ ಬಿಳಿಯ ಮೇಲೆ ಕೂರಬೇಕು. ಗೆರೆ ನೀಲಿಯ ಮೇಲೆ ಹೋಗುವಾಗ ಬೆಳ್ಳಗೆ, ಬಿಳಿಯ ಮೇಲೆ ಬಂದ ಕೂಡಲೇ ಕಡುಬಣ್ಣಕ್ಕೆ ತಿರುಗಬೇಕು. ನೋಡಲು ಬಲು ಚೆಂದ, ಮಾಡಲು ಅಷ್ಟೇ ತಲೆನೋವು. ಗಡಿಯ ಜಾಗದಲ್ಲಿ ಪ್ರತಿ ಗೆರೆಯನ್ನೂ ಕತ್ತರಿಸಿ, ಮೇಲಿನ ತುಂಡಿಗೊಂದು ಬಣ್ಣ ಕೆಳಗಿನ ತುಂಡಿಗೊಂದು ಬಣ್ಣ ಕೊಡಬೇಕು. ಮಗುವಿನ ಚಿತ್ರವೊಂದರಲ್ಲೇ ಅಂಥ ಹದಿನಾಲ್ಕು ತುಂಡುಗಳಿದ್ದವು.

ಅವಳು ಅದನ್ನೆಲ್ಲ ಶ್ರದ್ಧೆಯಿಂದಲೇ ಮಾಡಿದಳು. ಆಸ್ಪತ್ರೆಯ ಉಸ್ತುವಾರಿ ನೋಡುವಾತ ಪಟ್ಟಿಯನ್ನು ನಾಲ್ಕು ಬೆರಳು ಏರಿಸಿದ, ಎಲ್ಲವನ್ನೂ ಮತ್ತೆ ಕತ್ತರಿಸಿದಳು. ಎರಡು ಬೆರಳು ಇಳಿಸಿದ, ಮತ್ತೆ ಕತ್ತರಿಸಿದಳು. ಇಪ್ಪತ್ತೊಂದು ಮುಗಿದು ಕೊನೆಯದಕ್ಕೆ ಬರುವ ಹೊತ್ತಿಗೆ ಆತ ಮತ್ತೊಮ್ಮೆ ಫೋನ್ ಮಾಡಿ, "ತುರ್ತು ಚಿಕಿತ್ಸೆ ಹತ್ರ ಮಾತ್ರ ಪಟ್ಟಿ ಎತ್ತರ ಇನ್ನೂ ಗಟ್ಟಿ ಆಗಿಲ್ಲಮ್ಮ, ನಾಳೆ ಹೇಳ್ತೀನಿ" ಅಂದ. ಅದು ಎಲ್ಲಕ್ಕಿಂತ ಮುಖ್ಯವಾದ ಚಿತ್ರ. ಆಳೆತ್ತರದ ಹೃದಯ, ಅದರ ಮೇಲ್ಭಾಗದಿಂದ ಹೊರಟ ಗೆರೆ ಎಡಕ್ಕೆ ತಿರುಗಿ ಬಾಣವಾಗಿ ತುರ್ತು ಚಿಕಿತ್ಸೆಯ ಬಾಗಿಲನ್ನು ತೋರಿಸಬೇಕು.

ಅವಳಿಗೆ ರೋಸಿ ಹೋಗಿತ್ತು. ಕಂಪ್ಯೂಟರಿನಲ್ಲಿ ಇದಕ್ಕೊಂದು ಸುಲಭದ ಉಪಾಯವೂ ಇದೆ. ಗೆರೆಗೆ ಬಿಳಿ ಬಣ್ಣ ಕೊಟ್ಟು, ನಿನ್ನ ಕೆಳಗೆ ಏನಿದೆಯೋ ಅದಕ್ಕೆ ತಿರುಗುಮುರುಗಾಗು ಎಂದು ಒಂದೇ ಒಂದು ಆಜ್ಞೆ ಕೊಟ್ಟರೆ ಸಾಕು. ಕೆಳಗೆ ನೀಲಿಯಿದ್ದರೆ ಗೆರೆ ಬೆಳಕಾಗಿ ಕಾಣುತ್ತದೆ, ಬಿಳಿಯಿದ್ದರೆ ಕಪ್ಪಾಗುತ್ತದೆ. ಪಟ್ಟಿಯನ್ನು ಎಲ್ಲಿಗೆ ಬೇಕಾದರೂ ಎಳೆದಾಡಿ, ಗೆರೆ ತಾನೇ ತಾನಾಗಿ ಬಣ್ಣ ಬದಲಿಸಿಕೊಳ್ಳುತ್ತದೆ. ಅವಳು ಹಾಗೇ ಮಾಡಿದಳು. ಹೃದಯ ಪರದೆಯ ಮೇಲೆ ಅಷ್ಟು ಚೆನ್ನಾಗಿ ಬಂತೆಂದರೆ, ಕುರ್ಚಿಯನ್ನು ಹಿಂದಕ್ಕೆ ತಳ್ಳಿ ಒಂದು ಗಳಿಗೆ ಸುಮ್ಮನೆ ನೋಡಿದಳು. ಮರುದಿನ ಆತ ಎತ್ತರ ಹೇಳಿದ. ಅವಳು ಪಟ್ಟಿಯನ್ನು ಅಲ್ಲಿಗೆ ಎಳೆದಳು, ಫೈಲು ಕೆಳಗೆ ಹೋಯಿತು, ಮಾಲೀಕ ಮೆಷಿನ್ನಿಗೆ ಹಾಕಿದ, ಅಪ್ಪ ಸುರುಳಿ ಹೊತ್ತುಕೊಂಡು ಹೋಗಿ ಅಂಟಿಸಿ ಬಂದ. ಅದು ಸೋಮವಾರ.

ಶುಕ್ರವಾರ ಬೆಳಿಗ್ಗೆ ಹನ್ನೊಂದಕ್ಕೆ ಮಾಲೀಕ ಮಹಡಿ ಹತ್ತಿ ಬಂದ. ಎಂದೂ ಹತ್ತುವವನಲ್ಲ, ಮೊಣಕಾಲು ನೋವು. ಕೈಯಲ್ಲಿ ಫೋನು, ಫೋನಿನಲ್ಲಿ ಆ ಗೋಡೆಯ ಫೋಟೊ. ನೀಲಿ ಪಟ್ಟಿಯ ಮೇಲೆ ಹೃದಯದ ಕೆಳಗಿನ ಅರ್ಧವಷ್ಟೇ ಇತ್ತು. ಮೇಲೆ ಬರೀ ಬಿಳಿ ಗೋಡೆ.

ಹೃದಯದ ಮೇಲಿನರ್ಧ ತೆಗೆದುಬಿಟ್ಟರೆ ಉಳಿಯುವುದೇನು? ಎರಡು ಗೆರೆ ಇಳಿದು ಬಂದು ಒಂದು ಮೊನೆಯಲ್ಲಿ ಸೇರುತ್ತವೆ. ಅಪ್ಪಟ ಬಾಣದ ತಲೆ, ಕೆಳಗೆ ನೋಡುವ ಬಾಣ. ಅದರ ಪಕ್ಕದಲ್ಲೇ ನೆಲಮಾಳಿಗೆಗೆ ಇಳಿಯುವ ಮೆಟ್ಟಿಲು. ಗುರುವಾರ ಎದೆನೋವೆಂದು ಬಂದ ಒಬ್ಬನನ್ನು ಅವನ ಹೆಂಡತಿ ತೋಳು ಹಿಡಿದು ಆ ಮೆಟ್ಟಿಲು ಇಳಿಸಿದ್ದಳು. ಕೆಳಗೆ ಬಟ್ಟೆ ಒಗೆಯುವ ಕೋಣೆ. ಅದರ ಬಾಗಿಲಲ್ಲಿ ಅವನು ಬಿದ್ದ. ಜನ ಸೇರಿ ಮೇಲೆ ತರುವುದಕ್ಕೆ ಹನ್ನೊಂದು ನಿಮಿಷ ಹಿಡಿಯಿತು. ಜೀವ ಉಳಿದಿತ್ತು, ಪ್ರಜ್ಞೆ ಬಂದಿರಲಿಲ್ಲ.

ಮಾಲೀಕ ಕೆಳಗಿದ್ದ ಅಪ್ಪನನ್ನು ಮೇಲಕ್ಕೆ ಕರೆದ. ಅಷ್ಟೆತ್ತರದ ಚಿತ್ರಗಳು ಮೆಷಿನ್ನಿನ ಅಗಲಕ್ಕೆ ಹಿಡಿಯುವುದಿಲ್ಲ, ಆದ್ದರಿಂದ ಪ್ರತಿಯೊಂದಕ್ಕೂ ಎರಡು ಪಾರದರ್ಶಕ ಹಾಳೆ: ಕೆಳಗಿನರ್ಧಕ್ಕೊಂದು, ಮೇಲಿನರ್ಧಕ್ಕೊಂದು.

"ಯಜಮಾನ್ರೇ, ಇಪ್ಪತ್ತೊಂದು ಸರಿಯಾಗಿದೆ. ಇದೊಂದರ ಮೇಲಿನ ಹಾಳೆ ಎಲ್ಲಿ?" ಎಂದು ಮಾಲೀಕ ಕೇಳಿದ.

ಅಪ್ಪ ಫೋಟೊ ನೋಡಿದ. ಕನ್ನಡಕ ತೆಗೆದು, ಅಂಗಿಯ ತುದಿಯಲ್ಲಿ ಒರೆಸಿ, ಹಾಕಿಕೊಂಡು ಮತ್ತೆ ನೋಡಿದ. ಮಗಳ ಕಡೆ ಒಮ್ಮೆ ತಿರುಗಿದ.

"ಮರೆತೆ ಸಾರ್," ಅಂದ. "ಅಂಟಿಸಲಿಲ್ಲ. ಕಸದ ಜೊತೆ ಹೋಗಿರಬೇಕು."

"ಮರೆತೆ ಅಂತೀರಲ್ರೀ! ಅಲ್ಲೊಬ್ಬ ಸಾಯೋ ಹಾಗೆ ಬಿದ್ದಿದಾನೆ!"

"ಹೌದು ಸಾರ್. ತಪ್ಪಾಯ್ತು."

ಆಸ್ಪತ್ರೆಯವರು ಯಾರ ತಪ್ಪೆಂದು ಬರವಣಿಗೆಯಲ್ಲಿ ಕೇಳಿದ್ದರು. ಮಾಲೀಕ ಅಲ್ಲೇ ಒಂದು ಕಾಗದದಲ್ಲಿ ನಾಲ್ಕು ಸಾಲು ಬರೆದ, ಅಪ್ಪ ಸಹಿ ಹಾಕಿದ. ಸೋಮವಾರ ಕಾಗದ ಆಸ್ಪತ್ರೆಗೆ ಹೋಗುತ್ತದೆ, ಅದು ಹೋದ ಮೇಲೆ ನಿಮ್ಮನ್ನು ಇಟ್ಟುಕೊಳ್ಳಲು ಆಗುವುದಿಲ್ಲ, ಬೇಜಾರು ಮಾಡಿಕೊಳ್ಳಬೇಡಿ ಎಂದು ಮಾಲೀಕ ಹೇಳಿದ. ಹೇಳುವಾಗ ಅವನೂ ನೆಲವನ್ನೇ ನೋಡುತ್ತಿದ್ದ. ಈ ಊರಿನಲ್ಲಿ ಅಂಥ ಕಾಗದವೊಂದು ಹೊರಟರೆ ಮತ್ತೊಂದು ಅಂಗಡಿಯವನೂ ಆ ಮುದುಕನ ಕೈಗೆ ಸುರುಳಿ ಕೊಡುವುದಿಲ್ಲ ಎಂಬುದು ಮೂವರಿಗೂ ಗೊತ್ತಿತ್ತು.

ಮಗಳಿಗೆ ಬಂದದ್ದು ಸಿಟ್ಟು. ಸುಳ್ಳೇಕೆ ಹೇಳಬೇಕು, ಅಯ್ಯೋ ಅನಿಸುವುದಕ್ಕಿಂತ ಮೊದಲು ಸಿಟ್ಟೇ ಬಂತು. ಮನೆಗೆ ಬಂದು ಚಪ್ಪಲಿ ಬಿಡುವ ಮೊದಲೇ ಶುರುಮಾಡಿದಳು.

"ಎರಡು ಹಾಳೆ ಕೊಟ್ಟರೆ ಎರಡು ಅಂಟಿಸಬೇಕು ಅನ್ನೋದೂ ಗೊತ್ತಾಗಲ್ವಾ ಅಪ್ಪ? ಎಣಿಸೋಕ್ಕೆ ಏನು ಕಷ್ಟ? ಒಂದು, ಎರಡು!"

"ಹ್ಞೂಂ," ಅಂದ ಅಪ್ಪ.

"ಹ್ಞೂಂ ಅಂದ್ರೆ? ನಾನು ಒಂದು ತಿಂಗಳು ಕಣ್ಣು ಕಳ್ಕೊಂಡು ಮಾಡಿದ್ದು. ಎಲ್ಲ ಹೊಳೆಗೆ ಹಾಕಿದ ಹಾಗಾಯ್ತು."

ಅವನು ಕೈ ತೊಳೆದು ಊಟಕ್ಕೆ ಕೂತ. ಅಮ್ಮ ತೀರಿಕೊಂಡ ಮೇಲೆ ಇಬ್ಬರೇ ಉಣ್ಣುವ ಮನೆ. ಒಬ್ಬರು ಮಾತು ಬಿಟ್ಟರೆ ಮಾತೇ ಇರುವುದಿಲ್ಲ. ಅಂದು ಅವಳು ಅಷ್ಟು ಆಡಿ ಮುಗಿಸಿದ ಮೇಲೆ ಅಪ್ಪ ಉಪ್ಪು ಕೇಳಿದ, ಮತ್ತೇನೂ ಕೇಳಲಿಲ್ಲ.

ಶನಿವಾರ ಮಾಲೀಕ ಅವಳನ್ನೇ ಆಸ್ಪತ್ರೆಗೆ ಕಳಿಸಿದ. ಮೇಲರ್ಧವನ್ನು ಮತ್ತೆ ಮಾಡಬೇಕು, ಗೋಡೆಯ ಅಳತೆ ತಪ್ಪಬಾರದು. ಮೆಟ್ಟಿಲಿಗೆ ಅಡ್ಡವಾಗಿ ಒಂದು ಬೆಂಚು ಎಳೆದಿದ್ದರು. ಎಡಗಡೆ ಬಾಗಿಲ ಮೇಲೆ ಯಾರೋ ಕಾಗದದಲ್ಲಿ ಕೈಯಿಂದ ಬಾಣ ಬರೆದು ಅಂಟಿಸಿದ್ದರು. ಬಾಣ ಸೊಟ್ಟಗಿತ್ತು, ಆದರೆ ದಾರಿ ತೋರಿಸುತ್ತಿತ್ತು.

ಅವಳು ಟೇಪಿನ ಒಂದು ತುದಿಯನ್ನು ಪಟ್ಟಿಯ ಗಡಿಗೆ ಇಟ್ಟು, ಇನ್ನೊಂದನ್ನು ಮೇಲಕ್ಕೆ ಎಳೆಯುತ್ತ ಗೋಡೆಗೆ ಅಂಗೈ ಒತ್ತಿದಳು. ಸುಣ್ಣದ ಗೋಡೆ ತರಿತರಿಯಾಗಿರಬೇಕು. ಕೈಗೆ ಸಿಕ್ಕಿದ್ದು ನುಣುಪು. ಅಂಗೈಯನ್ನು ಪಕ್ಕಕ್ಕೆ ಸರಿಸಿದಳು. ನುಣುಪು ಮುಗಿದು ಒಂದು ಸಣ್ಣ ಅಂಚು ಬೆರಳಿಗೆ ತಾಗಿತು. ಕೆನ್ನೆಯನ್ನು ಗೋಡೆಗೆ ತಾಗಿಸಿ ಕಿಟಕಿಯ ಬೆಳಕಿಗೆ ಓರೆಯಾಗಿ ನೋಡಿದಳು. ಹಾಳೆ ಅಲ್ಲೇ ಇತ್ತು. ಗುಳ್ಳೆಯಿಲ್ಲದೆ, ಸುಕ್ಕಿಲ್ಲದೆ, ಗೋಡೆಗೆ ಚರ್ಮದ ಹಾಗೆ ಕೂತಿತ್ತು. ಅದರ ಮೇಲೆ ಹೃದಯದ ಮೇಲಿನರ್ಧವೂ ಇತ್ತು, ಎಡಕ್ಕೆ ತಿರುಗುವ ಬಾಣವೂ ಇತ್ತು. ಬಿಳಿ ಗೋಡೆಯ ಮೇಲೆ, ಬಿಳಿ ಶಾಯಿಯಲ್ಲಿ.

ಏನಾಗಿದೆ ಎಂದು ತಿಳಿಯಲು ಯಾರನ್ನೂ ಕೇಳಬೇಕಾಗಿರಲಿಲ್ಲ. ಆ ಗೆರೆ ಬಣ್ಣ ಬದಲಿಸುತ್ತಿದ್ದುದು ಪರದೆಯಲ್ಲಿ ಅದರ ಕೆಳಗೆ ಗೋಡೆಯ ಚಿತ್ರವೊಂದು ಇತ್ತೆಂಬ ಕಾರಣಕ್ಕೆ. ಗೋಡೆಗೆ ಆಗಲೇ ಬಣ್ಣ ಹೊಡೆದಿದೆ, ಅದನ್ನು ಮತ್ತೆ ಅಚ್ಚು ಹಾಕುವುದಿಲ್ಲ. ಮೆಷಿನ್ನಿಗೆ ಕಳಿಸುವಾಗ ಹಿನ್ನೆಲೆಯನ್ನು ಮುಚ್ಚಿ ಬರೀ ಗೆರೆಯನ್ನು ಕಳಿಸುವುದು ಅಂಗಡಿಯ ಪದ್ಧತಿ. ಹಿನ್ನೆಲೆ ಹೋದರೆ ಗೆರೆಗೆ ತಿರುಗುಮುರುಗಾಗಲು ಏನೂ ಉಳಿಯುವುದಿಲ್ಲ, ಅದು ತನ್ನ ಹುಟ್ಟುಬಣ್ಣ ಬಿಳಿಗೆ ಮರಳುತ್ತದೆ. ಕಳಿಸುವ ಮೊದಲು ಗೆರೆಯನ್ನು ಕತ್ತರಿಸಿ ನಿಜವಾದ ಬಣ್ಣ ಕೊಡಬೇಕೆಂಬುದು ಈ ಕೆಲಸದ ಮೊದಲ ಪಾಠ. ಹೊಸದಾಗಿ ಸೇರಿದವರಿಗೆ ಆ ಪಾಠ ಹೇಳಿಕೊಡುವವಳೂ ಅವಳೇ.

ನೀಲಿಯ ಮೇಲಿದ್ದ ಅರ್ಧ ಬಿಳಿಯಾದ್ದರಿಂದ ಕಂಡಿತು. ಬಿಳಿಯ ಮೇಲಿದ್ದ ಅರ್ಧ ಬಿಳಿಯಾದ್ದರಿಂದ ಮುಳುಗಿತು.

ಆಮೇಲೆ ಅವಳು ಮಾಡಿದ್ದನ್ನು ಹೇಳಲು ನನಗೂ ಮನಸ್ಸಿಲ್ಲ, ಆದರೆ ಮುಚ್ಚಿಟ್ಟರೆ ಕತೆಗೆ ದ್ರೋಹವಾಗುತ್ತದೆ. ಅವಳು ಆಚೆ ಈಚೆ ನೋಡಿದಳು. ಹಾಳೆಯ ಮೂಲೆಗೆ ಉಗುರು ಹಾಕಿದಳು. ಕಿತ್ತು ಚೀಲಕ್ಕೆ ತುರುಕಿಕೊಂಡರೆ ಮುಗಿಯಿತು. ಗೋಡೆ ಖಾಲಿ, ಅಪ್ಪನ ಮಾತು ನಿಜ, ತನ್ನ ಹೆಸರು ಭದ್ರ. ಅಪ್ಪನೇ ಒಪ್ಪಿಕೊಂಡಿದ್ದಾನಲ್ಲ, ವಯಸ್ಸೂ ಆಗಿದೆ, ಮನೆಯಲ್ಲಿ ಕೂತರೆ ನಾನು ಸಾಕುವುದಿಲ್ಲವೇ? ಇಷ್ಟೆಲ್ಲ ಅವಳ ತಲೆಯಲ್ಲಿ ಹಾದುಹೋಗುವಷ್ಟರಲ್ಲಿ ಅರ್ಧ ಇಂಚು ಎದ್ದಿತ್ತು.

"ಸರಿ ಮಾಡಕ್ಕೆ ಬಂದ್ರೇನಮ್ಮ?"

ಮೆಟ್ಟಿಲಿಗೆ ಅಡ್ಡ ಇಟ್ಟಿದ್ದ ಬೆಂಚಿನ ಮೇಲೆ ಒಬ್ಬ ಹೆಂಗಸು ಬಂದು ಕೂತಿದ್ದಳು. ಐವತ್ತರ ಆಸುಪಾಸು. ಮಡಿಲಲ್ಲಿ ಗಂಡಸಿನ ಒಂದು ಜೊತೆ ಬೂಟು, ಅದರೊಳಗೆ ಮಡಚಿ ತುರುಕಿದ ಕಾಲುಚೀಲ.

"ಹೌದಮ್ಮ, ಅಳತೆ ತಗೋತಿದೀನಿ," ಅಂದಳು ಇವಳು. ಕೈ ಗೋಡೆಯಿಂದ ತೆಗೆಯಲಿಲ್ಲ.

"ಮಾಡಿ, ಮಾಡಿ. ಬೇರೆ ಯಾರಿಗೂ ಹೀಗಾಗಬಾರದು." ಹೆಂಗಸು ಬೂಟುಗಳನ್ನು ಸರಿಮಾಡಿಕೊಂಡಳು. "ನಾಲ್ಕು ಮೆಟ್ಟಿಲು ಇಳಿದಾಗಲೇ ನಮ್ಮನೆಯವರು ಅಂದ್ರು, ಇದಲ್ಲ ಕಣೇ, ಇಲ್ಲಿ ಯಾರೂ ಇಲ್ಲ, ವಾಪಸ್ ಹೋಗೋಣ ಅಂತ. ನಾನೇ ಗದರಿಸಿದೆ. ಬಾಣ ಹಾಕಿದಾರಲ್ಲ, ಅವರಿಗೆ ಗೊತ್ತಿರಲ್ವಾ, ಸುಮ್ನೆ ಬನ್ನಿ ಅಂತ ಎಳ್ಕೊಂಡು ಹೋದೆ. ಅವರ ಮಾತು ಕೇಳಿದ್ದಿದ್ರೆ... ತಪ್ಪು ನಂದೇ."

"ಅಲ್ಲಮ್ಮ, ನಿಮ್ಮದಲ್ಲ," ಅಂದಳು ಇವಳು. ಅದಕ್ಕಿಂತ ಮುಂದೆ ಬಾಯಿ ಬರಲಿಲ್ಲ. ಯಾವ ಬಾಯಿಗೆ ಅಂಗಡಿಯೇ ಹೆದರುತ್ತಿತ್ತೋ ಆ ಬಾಯಿ.

"ಹಾಗೆ ಎಲ್ಲರೂ ಅಂತಾರೆ," ಅಂದಳು ಹೆಂಗಸು.

ಇವಳು ಹಾಳೆಯ ಎದ್ದ ಮೂಲೆಯನ್ನು ಹೆಬ್ಬೆರಳಿನಿಂದ ಒತ್ತಿ ಮತ್ತೆ ಗೋಡೆಗೆ ಕೂರಿಸಿದಳು. ಅಳತೆ ಬರೆದುಕೊಳ್ಳದೆ ಹೊರಗೆ ಬಂದಳು.

ಭಾನುವಾರ ಅಂಗಡಿಗೆ ರಜೆ. ಅಪ್ಪ ಅಂಗಳದಲ್ಲಿ ಕೂತು, ಹಾಳೆ ಒತ್ತುವ ಪಟ್ಟಿಗಳನ್ನು, ಬ್ಲೇಡಿನ ಹಿಡಿಯನ್ನು, ನೀರು ಚಿಮುಕಿಸುವ ಬಾಟಲಿಯನ್ನು ಸೋಪು ಹಾಕಿ ತೊಳೆದ. ಅವೆಲ್ಲ ಅಂಗಡಿಯವು. ಒಣಗಿಸಿ, ಬಟ್ಟೆಯಲ್ಲಿ ಕಟ್ಟಿ, ಬಾಗಿಲ ಬಳಿ ಇಟ್ಟ. ಅವಳಿಗೆ ಬಿಸಿತುಪ್ಪ ಬಾಯಿಗೆ ಬಿದ್ದ ಹಾಗಾಗಿತ್ತು, ನುಂಗುವಂತಿಲ್ಲ ಉಗುಳುವಂತಿಲ್ಲ. ಎರಡು ಸಲ "ಅಪ್ಪ" ಎಂದಳು. ಎರಡು ಸಲವೂ "ಏನಮ್ಮ" ಎಂದ. ಎರಡು ಸಲವೂ ಏನಿಲ್ಲ ಎಂದಳು. ಅವನಿಗೆ ಏಕೆ ಒಪ್ಪಿಕೊಳ್ಳಬೇಕೆನಿಸಿತು ಎಂಬುದಕ್ಕೆ ಅವಳು ತಾನೇ ಒಂದು ಉತ್ತರ ಕಟ್ಟಿಕೊಂಡಿದ್ದಳು: ಮಗಳನ್ನು ಉಳಿಸುವುದಕ್ಕೆ, ಹೆತ್ತ ಕರುಳು, ಮತ್ತೇನು. ಆ ಉತ್ತರ ನೆನೆದಾಗಲೆಲ್ಲ ಅಳು ಬರುತ್ತಿತ್ತು. ಸ್ವಲ್ಪ ಸಮಾಧಾನವೂ ಆಗುತ್ತಿತ್ತು.

ಸೋಮವಾರ ಒಂಬತ್ತಕ್ಕೆ ಮಾಲೀಕ ಕಾಗದವನ್ನು ಲಕೋಟೆಗೆ ಹಾಕುತ್ತಿದ್ದ. ಅಪ್ಪ ಕಟ್ಟನ್ನು ಮೇಜಿನ ಮೇಲಿಟ್ಟು ನಿಂತಿದ್ದ.

"ಅದನ್ನ ಕಳಿಸ್ಬೇಡಿ ಸಾರ್," ಅಂದಳು ಅವಳು. "ಹಾಳೆ ಗೋಡೆ ಮೇಲೇ ಇದೆ. ಅಪ್ಪ ಅಂಟಿಸಿದಾನೆ. ನಾನೇ ಮುಟ್ಟಿ ನೋಡ್ದೆ. ಗೆರೆ ಬಿಳಿಯಾಗಿ ಬಂದಿದೆ. ತಪ್ಪು ನನ್ನ ಫೈಲಿಂದು."

ಮಾಲೀಕ ಅಪ್ಪನ ಮುಖ ನೋಡಿದ. ಅಪ್ಪ ತಲೆಯಾಡಿಸಿ, "ಅವಳ ಮಾತು ಬಿಡಿ ಸಾರ್, ಸಂಕಟಕ್ಕೆ ಏನೋ ಹೇಳ್ತಾಳೆ," ಅಂದ.

"ಮೇಲೆ ಬನ್ನಿ, ತೋರಿಸ್ತೀನಿ."

ಮೊಣಕಾಲು ಹಿಡಿದುಕೊಂಡು ಮಾಲೀಕ ಮಹಡಿ ಹತ್ತಿದ, ಹಿಂದೆ ಅಪ್ಪ. ಅವಳು ಫೈಲು ತೆರೆದಳು. ಪರದೆಯ ತುಂಬ ಹೃದಯ, ನೀಲಿಯ ಮೇಲೆ ಬೆಳಕು, ಬಿಳಿಯ ಮೇಲೆ ಕಪ್ಪು, ಎಡಕ್ಕೆ ಬಾಣ. ಎಳ್ಳಷ್ಟೂ ಊನವಿರಲಿಲ್ಲ.

"ಇದರಲ್ಲೇನಮ್ಮ ತಪ್ಪು?" ಅಂದ ಮಾಲೀಕ. ಅವನ ದನಿಯಲ್ಲಿ ಕನಿಕರವಿತ್ತು. "ಅಪ್ಪನ ಮೇಲೆ ಪ್ರೀತಿ ಇರ್ಲಿ. ಹಾಗಂತ ಆಗದೇ ಇರೋ ತಪ್ಪನ್ನ ತಲೆ ಮೇಲೆ ಹೊತ್ಕೋತಾರಾ?"

ಒಂದು ಗಳಿಗೆ, ಒಂದೇ ಗಳಿಗೆ, ಅವಳ ಕೈ ತಡೆಯಿತು. ಸುಮ್ಮನಿದ್ದರೆ ಪರದೆಯೇ ಅವಳ ಪರವಾಗಿ ಸಾಕ್ಷಿ ಹೇಳುತ್ತಿತ್ತು. ಆಮೇಲೆ ಅವಳು ಹಿನ್ನೆಲೆಯನ್ನು ಮುಚ್ಚಿದಳು. ಪಟ್ಟಿ ಹೋಯಿತು, ಗೋಡೆ ಹೋಯಿತು, ಅವುಗಳ ಜೊತೆಗೆ ಹೃದಯವೂ ಹೋಯಿತು. ಪರದೆಯ ಮೇಲೆ ಖಾಲಿ ಬಿಳುಪು ಉಳಿಯಿತು.

ಮಾಲೀಕ ಸ್ಟೂಲು ಎಳೆದುಕೊಂಡು ಕೂತ. "ಮೆಷಿನ್ನಿಗೆ ಹಾಕಿದ್ದು ನಾನೇ," ಅಂದ. "ಹಾಳೆ ಹಿಂದೆ ಅಂಟಿರೋ ಕಾಗದವೂ ಬಿಳೀದೇ. ನನಗೂ ಕಾಣಿಸ್ಲಿಲ್ಲ." ಲಕೋಟೆಯಿಂದ ಕಾಗದ ತೆಗೆದು ನಾಲ್ಕು ತುಂಡು ಮಾಡಿದ. ಅವಳು ಹೊಸ ಕಾಗದ ತೆಗೆದುಕೊಂಡು ತಾನೇ ಬರೆದಳು, ಏನು ಮಾಡಬೇಕಿತ್ತು, ಏನು ಮಾಡಲಿಲ್ಲ ಎಂದು. ಸಹಿ ಹಾಕಿದಳು. ಕೆಲಸ ಹೋಗುತ್ತದೋ ಇರುತ್ತದೋ ಮಾಲೀಕ ಹೇಳಲಿಲ್ಲ, ಅವಳೂ ಕೇಳಲಿಲ್ಲ. ಕಾಗದವನ್ನು ತಾನೇ ಒಯ್ಯುತ್ತೇನೆ, ಅಲ್ಲಿ ಬೆಂಚಿನ ಮೇಲೆ ಕೂರುವ ಒಬ್ಬರಿಗೂ ಹೇಳಬೇಕಾಗಿದೆ ಅಂದಳು.

"ಆದ್ರೆ ಯಜಮಾನ್ರೇ," ಅಂದ ಮಾಲೀಕ, "ಅಂಟಿಸಿದ್ದು ನೀವೇ. ಅಂಟಿಸಿಲ್ಲ ಅಂತ ಯಾಕೆ ಸಹಿ ಹಾಕಿದ್ರಿ? ಮಗಳಿಗೋಸ್ಕರಾನಾ?"

ಉತ್ತರ ಗೊತ್ತಿದ್ದ ಅವಳು ಅಪ್ಪನ ಕೈ ಹಿಡಿಯಲು ಮುಂದೆ ಬಂದಳು.

"ಪೂರ್ತಿ ಹಾಗೇನಿಲ್ಲ ಸಾರ್," ಅಂದ ಅಪ್ಪ. ಅವನು ಖಾಲಿ ಪರದೆಯನ್ನೇ ನೋಡುತ್ತಿದ್ದ. "ನನ್ನದೂ ತಪ್ಪಿತ್ತು. ಮೇಲಿನ ಹಾಳೆ ಒತ್ತಿ ಹಿಂದೆ ಸರಿದು ನೋಡ್ದಾಗಲೇ ಕಾಣಿಸ್ತು, ಅರ್ಧ ಇಲ್ಲ ಅಂತ. ಕೆಳಗಡೆ ಬಾಣದ ಥರ ಕಾಣುತ್ತೆ ಅಂತಾನೂ ಅನ್ನಿಸ್ತು. ಪಕ್ಕದಲ್ಲೇ ಮೆಟ್ಟಿಲು. ಮೂವತ್ತು ವರ್ಷ ಗೋಡೆ ನೋಡಿದ ಕಣ್ಣು ಸಾರ್, ಅಷ್ಟು ಗೊತ್ತಾಗಲ್ವಾ? ಫೋನ್ ಕೈಗೆ ತಗೊಂಡೆ. ಆಮೇಲೆ ಇವಳಿಗೆ ಮಾಡಲಿಲ್ಲ."

"ಯಾಕಪ್ಪ?" ಅಂದಳು ಅವಳು.

ಅಪ್ಪ ಅವಳ ಕಡೆ ತಿರುಗಿದ. ಅವನ ಮುಖದಲ್ಲಿ ಸಿಟ್ಟಿರಲಿಲ್ಲ. ಇದ್ದಿದ್ದರೆ ಅವಳಿಗೆ ಎಷ್ಟೋ ವಾಸಿಯಾಗುತ್ತಿತ್ತು.

"ಬೇಕು ಅಂತಲೇ ಹಾಗೆ ಬಿಟ್ಟಿದೀಯೇನೋ, ಹೊಸ ಫ್ಯಾಷನ್ ಇರಬೇಕು ಅಂದ್ಕೊಂಡೆ. ಕೇಳೋಣ ಅಂದ್ರೆ ಹೆದರಿಕೆ ಆಯ್ತು ಕಣಮ್ಮ. ಅವತ್ತೊಂದಿನ ನಾನೇನೋ ಕೇಳಿದ್ದಕ್ಕೆ ನೀನು ಎಲ್ಲರ ಮುಂದೆ ಅಂದಿದ್ದೆ ನೋಡು, ನಿನಗೆ ಇದೆಲ್ಲ ಗೊತ್ತಾಗಲ್ಲಪ್ಪ, ಕೊಟ್ಟಿದ್ದನ್ನ ಅಂಟಿಸು ಸಾಕು ಅಂತ. ಅದಕ್ಕೇ ಕೊಟ್ಟಿದ್ದನ್ನ ಅಂಟಿಸಿ ಬಂದೆ."

ಮಾಲೀಕ ಎದ್ದು ಕೆಳಗೆ ಹೋದ. ಅವಳು ನಿಂತಲ್ಲೇ ನಿಂತು, ಅಪ್ಪ ಹೇಳುತ್ತಿರುವ ಆ ದಿನ ಯಾವುದೆಂದು ನೆನಪಿಸಿಕೊಳ್ಳಲು ನೋಡಿದಳು. ಆ ಮಾತನ್ನು ಅವಳು ಎಷ್ಟು ಸಲ ಆಡಿದ್ದಳೆಂದರೆ, ಅದು ಯಾವ ದಿನ ಎಂದು ಅವಳಿಗೆ ಗೊತ್ತಾಗಲಿಲ್ಲ.